ಒಂದೇ ರೂಟರ್, ಮೂರು ಜೋನ್: ಸಣ್ಣ ಕಚೇರಿಯ ನೆಟ್‌ವರ್ಕಿಗೆ ಫೈರ್‌ವಾಲ್ ಕಟ್ಟುವ ಬಗೆ

ತೆರಿಗೆ ಸಲಹೆಗಾರರ ಕಚೇರಿಯಿರಲಿ, ಕ್ಲಿನಿಕ್ ಇರಲಿ, ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿಯ ಡಿವಿಆರ್, ಬಂದುಹೋಗುವವರ ಮೊಬೈಲ್ ಎಲ್ಲವೂ ಸಾಮಾನ್ಯವಾಗಿ ಒಂದೇ ನೆಟ್‌ವರ್ಕಿನಲ್ಲಿರುತ್ತವೆ. ಯಾರದೋ ಮೊಬೈಲಿನಲ್ಲಿ ಕಿಡಿಗೇಡಿ ಆ್ಯಪ್ ಒಂದಿದ್ದರೆ ಅದು ನಿಮ್ಮ ಲೆಕ್ಕಪತ್ರದ ಕಂಪ್ಯೂಟರನ್ನೂ ತಡಕಬಹುದು. ಡಿವಿಆರ್ ಕೂಡ ಅಮಾಯಕವಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಮೂಲ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ವಶಮಾಡಿಕೊಂಡಿತು. ಅವುಗಳನ್ನು ಬಳಸಿ ಅಕ್ಟೋಬರ್ 21ರಂದು ‘ಡೈನ್’ ಕಂಪನಿಯ ಡಿಎನ್‌ಎಸ್ ಸೇವೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್‌ನಂಥ ತಾಣಗಳೂ ತತ್ತರಿಸಿದವು.

ಇದಕ್ಕೆ ಪರಿಹಾರ, ನೆಟ್‌ವರ್ಕನ್ನು ಜೋನ್‌ಗಳಾಗಿ ವಿಂಗಡಿಸುವುದು. ಜಗಲಿಯಲ್ಲಿ ಕೂತ ಅತಿಥಿಗೆ ನೀರು, ಬೆಲ್ಲ ಕೊಡುತ್ತೇವೆ, ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿನ ಲೆಕ್ಕವೂ ಅದೇ. ಹಲವು ಸಾಧಾರಣ ರೂಟರ್‌ಗಳಿಗೆ ಹಾಕಬಹುದಾದ ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಉಚಿತ ಮುಕ್ತ ತಂತ್ರಾಂಶದ ‘ಲೂಸಿ’ ಪುಟದಲ್ಲಿ ಇದನ್ನು ಮಾಡುವ ಬಗೆ ಇಲ್ಲಿದೆ. 21.02 ಮತ್ತು ನಂತರದ ಆವೃತ್ತಿಗಳಿಗೆ ಈ ಕ್ರಮ ಹೊಂದುತ್ತದೆ.

1. ಮೊದಲು ಕಾಗದ, ಆಮೇಲೆ ಕ್ಲಿಕ್

ಯಾರು ಯಾರೊಂದಿಗೆ ಮಾತು ಆರಂಭಿಸಬಹುದು ಎಂಬುದನ್ನು ಬರೆದುಕೊಳ್ಳಿ. ಇಡೀ ಕೆಲಸದ ಜೀವಾಳ ಇದೇ.

• ಲ್ಯಾನ್ (ಕಚೇರಿಯ ಕಂಪ್ಯೂಟರ್, ಪ್ರಿಂಟರ್): ಇಂಟರ್ನೆಟ್‌ಗೆ ಹೋಗಬಹುದು, ಕ್ಯಾಮೆರಾ ನೋಡಬಹುದು.
• ಗೆಸ್ಟ್ (ಗ್ರಾಹಕರ ಮೊಬೈಲ್): ಇಂಟರ್ನೆಟ್‌ಗೆ ಮಾತ್ರ.
• ಕ್ಯಾಮೆರಾ (ಡಿವಿಆರ್): ತಾನಾಗಿ ಎಲ್ಲಿಗೂ ಇಲ್ಲ.
• ವ್ಯಾನ್ (ಹೊರಗಿನ ಇಂಟರ್ನೆಟ್): ಒಳಗೆ ಯಾರ ಬಳಿಗೂ ಇಲ್ಲ.

ಇಲ್ಲಿ ದಿಕ್ಕು ಮುಖ್ಯ. ಲ್ಯಾನ್‌ನಿಂದ ಕ್ಯಾಮೆರಾಕ್ಕೆ ಅನುಮತಿ ಕೊಟ್ಟರೆ ಉತ್ತರ ಹಿಂದಿರುಗಲು ಬೇರೆ ಅನುಮತಿ ಬೇಡ. ಆರಂಭವಾದ ಸಂಪರ್ಕವನ್ನು ಫೈರ್‌ವಾಲ್ ನೆನಪಿಟ್ಟುಕೊಂಡಿರುತ್ತದೆ. ‘ಉತ್ತರ ಬರಬೇಕಲ್ಲ’ ಎಂದು ಎರಡೂ ಕಡೆ ತೆರೆದಿಟ್ಟರೆ ಜೋನ್ ಮಾಡಿಯೂ ಪ್ರಯೋಜನವಿಲ್ಲ.

2. ವಿಳಾಸ ಹಂಚಿಕೆ

ಪ್ರತಿ ಜೋನ್‌ಗೆ ಬೇರೆ ಐಪಿ ಸರಣಿ ಬೇಕು. ಓಪನ್‌ಡಬ್ಲ್ಯುಆರ್‌ಟಿಯ ಮೂಲ ವಿಳಾಸ 192.168.1.1. ಫೈಬರ್ ಮೋಡೆಮ್‌ಗಳಲ್ಲೂ ಇದೇ ಸರಣಿ ಸಾಮಾನ್ಯವಾದ್ದರಿಂದ ಘರ್ಷಣೆ ತಪ್ಪಿಸಲು ಲ್ಯಾನ್‌ಗೆ 192.168.10.1, ಗೆಸ್ಟ್‌ಗೆ 192.168.20.1, ಕ್ಯಾಮೆರಾಕ್ಕೆ 192.168.30.1 ಇಟ್ಟುಕೊಳ್ಳಿ. ಮೂರಕ್ಕೂ ನೆಟ್‌ಮಾಸ್ಕ್ 255.255.255.0. ಏನನ್ನೂ ಬದಲಿಸುವ ಮುನ್ನ ‘ಸಿಸ್ಟಂ’ ಮೆನುವಿನಿಂದ ಬ್ಯಾಕಪ್ ಇಳಿಸಿಕೊಳ್ಳಿ.

3. ಇಂಟರ್‌ಫೇಸ್ ರಚನೆ

‘ನೆಟ್‌ವರ್ಕ್’ ಮೆನುವಿನ ‘ಇಂಟರ್‌ಫೇಸಸ್’ ಪುಟದಲ್ಲಿ ‘ಡಿವೈಸಸ್’ ಟ್ಯಾಬ್ ತೆರೆದು, ಪೋರ್ಟ್ ಇಲ್ಲದ ಹೊಸ ಬ್ರಿಡ್ಜ್ ಮಾಡಿ. ಖಾಲಿ ಬ್ರಿಡ್ಜನ್ನೂ ಚಾಲೂ ಮಾಡುವ ಆಯ್ಕೆಗೆ ಟಿಕ್ ಹಾಕಿ. ಇದರ ಮೇಲೆ ‘ಗೆಸ್ಟ್’ ಇಂಟರ್‌ಫೇಸ್ ಸೇರಿಸಿ, ‘ಸ್ಟ್ಯಾಟಿಕ್ ಅಡ್ರೆಸ್’ ಆರಿಸಿ, ವಿಳಾಸ ತುಂಬಿ, ಡಿಎಚ್‌ಸಿಪಿ ಸರ್ವರ್ ಚಾಲೂ ಮಾಡಿ. ನಂತರ ‘ವೈರ್‌ಲೆಸ್’ ಪುಟದಲ್ಲಿ ಹೊಸ ಹೆಸರಿನ ವೈ-ಫೈ ಸೇರಿಸಿ ಗೆಸ್ಟ್‌ಗೆ ಜೋಡಿಸಿ. ‘ಐಸೊಲೇಟ್ ಕ್ಲೈಂಟ್ಸ್’ ಆರಿಸಿದರೆ ಒಬ್ಬ ಗ್ರಾಹಕರ ಮೊಬೈಲ್ ಇನ್ನೊಬ್ಬರದ್ದನ್ನು ತಲುಪುವುದಿಲ್ಲ.

ಡಿವಿಆರ್ ಕೇಬಲ್ಲಿನದು. ಪೋರ್ಟ್‌ಗಳು ‘ಲ್ಯಾನ್1’, ‘ಲ್ಯಾನ್2’ ಎಂದು ಬಿಡಿಬಿಡಿಯಾಗಿ ಕಾಣುವ ರೂಟರ್‌ಗಳಲ್ಲಿ, ಒಂದನ್ನು ಲ್ಯಾನ್ ಬ್ರಿಡ್ಜಿನಿಂದ ತೆಗೆದು ‘ಕ್ಯಾಮೆರಾ’ ಇಂಟರ್‌ಫೇಸ್‌ಗೆ ಕೊಡಿ. ಇಲ್ಲೂ ಡಿಎಚ್‌ಸಿಪಿ ಚಾಲೂ ಇರಲಿ. ನೀವು ಕೂತಿರುವ ಕಂಪ್ಯೂಟರಿನ ಪೋರ್ಟನ್ನೇ ತೆಗೆಯಬೇಡಿ.

4. ಜೋನ್ ನಿಯಮ

‘ಫೈರ್‌ವಾಲ್’ ಪುಟದಲ್ಲಿ ಗೆಸ್ಟ್, ಕ್ಯಾಮೆರಾ ಎಂಬ ಎರಡು ಜೋನ್ ಸೇರಿಸಿ, ಆಯಾ ಇಂಟರ್‌ಫೇಸನ್ನು ಅದರದರ ಜೋನ್‌ಗೆ ಹಾಕಿ. ಒಂದು ಇಂಟರ್‌ಫೇಸ್ ಒಂದೇ ಜೋನ್‌ನಲ್ಲಿರಬೇಕು. ಇಲ್ಲಿ ಕಾಣುವ ಮೂರು ಆಯ್ಕೆಗಳ ಅರ್ಥ ಹೀಗೆ:

• ಇನ್‌ಪುಟ್: ಆ ಜೋನ್‌ನಿಂದ ರೂಟರಿಗೇ ಬರುವ ಸಂಚಾರ.
• ಔಟ್‌ಪುಟ್: ರೂಟರಿನಿಂದಲೇ ಆ ಜೋನ್‌ಗೆ ಹೊರಡುವ ಸಂಚಾರ.
• ಫಾರ್ವರ್ಡ್: ಅದೇ ಜೋನ್‌ನ ಇಂಟರ್‌ಫೇಸ್‌ಗಳ ನಡುವಿನ ಸಂಚಾರ. ಜೋನ್‌ನಿಂದ ಜೋನ್‌ಗೆ ಹೋಗುವುದನ್ನು ಇದು ನಿರ್ಧರಿಸುವುದಿಲ್ಲ.

ಎರಡೂ ಹೊಸ ಜೋನ್‌ಗಳಿಗೆ ಇನ್‌ಪುಟ್ ‘ರಿಜೆಕ್ಟ್’, ಔಟ್‌ಪುಟ್ ‘ಆಕ್ಸೆಪ್ಟ್’, ಫಾರ್ವರ್ಡ್ ‘ರಿಜೆಕ್ಟ್’ ಇಡಿ. ಜೋನ್‌ಗಳ ನಡುವಿನ ದಾರಿಯನ್ನು ಕೆಳಗಿರುವ ‘ಡೆಸ್ಟಿನೇಶನ್ ಜೋನ್ಸ್’ ಪಟ್ಟಿಯಲ್ಲಿ ತೆರೆಯಬೇಕು: ಗೆಸ್ಟ್‌ಗೆ ವ್ಯಾನ್ ಮಾತ್ರ, ಲ್ಯಾನ್‌ಗೆ ವ್ಯಾನ್ ಮತ್ತು ಕ್ಯಾಮೆರಾ, ಕ್ಯಾಮೆರಾಕ್ಕೆ ಏನೂ ಇಲ್ಲ. ವ್ಯಾನ್ ಜೋನ್‌ನ ‘ಮಾಸ್ಕರೇಡಿಂಗ್’ ಮೊದಲಿನಂತೆ ಚಾಲೂ ಇರಲಿ.

5. ಸಣ್ಣ ವಿನಾಯಿತಿಗಳು

ಇನ್‌ಪುಟ್ ಮುಚ್ಚಿದ ಮೇಲೆ ಗೆಸ್ಟ್ ಮೊಬೈಲಿಗೆ ಐಪಿ ವಿಳಾಸವೂ ಸಿಗದು, ತಾಣದ ಹೆಸರಿನ ಹಿಂದಿನ ವಿಳಾಸವೂ ತಿಳಿಯದು. ‘ಟ್ರಾಫಿಕ್ ರೂಲ್ಸ್’ನಲ್ಲಿ ಗೆಸ್ಟ್‌ನಿಂದ ರೂಟರಿಗೆ ಡಿಎಚ್‌ಸಿಪಿಗಾಗಿ ಯುಡಿಪಿ 67, ಡಿಎನ್‌ಎಸ್‌ಗಾಗಿ ಟಿಸಿಪಿ ಮತ್ತು ಯುಡಿಪಿ 53 ಪೋರ್ಟ್ ತೆರೆಯಿರಿ. ಕ್ಯಾಮೆರಾ ಜೋನ್‌ಗೆ ಯುಡಿಪಿ 67ರ ಜೊತೆ ಯುಡಿಪಿ 123 ಕೊಟ್ಟು, ರೂಟರನ್ನೇ ಎನ್‌ಟಿಪಿ ಸರ್ವರ್ ಆಗಿಸಿ, ಡಿವಿಆರ್‌ನಲ್ಲಿ ಸಮಯದ ಸರ್ವರ್ ಆಗಿ 192.168.30.1 ನಮೂದಿಸಿ. ಇಲ್ಲದಿದ್ದರೆ ಇಂಟರ್ನೆಟ್ ಕಾಣದ ಡಿವಿಆರ್‌ನ ಗಡಿಯಾರ ಕ್ರಮೇಣ ತಪ್ಪಿ, ಬೇಕಾದ ದೃಶ್ಯದ ಸಮಯವೇ ನಂಬಲಾಗದಂತಾದೀತು. ಮನೆಯಿಂದ ಆ್ಯಪ್‌ನಲ್ಲಿ ಕ್ಯಾಮೆರಾ ನೋಡಲೇಬೇಕೆನ್ನುವವರು ಕ್ಯಾಮೆರಾದಿಂದ ವ್ಯಾನ್‌ಗೂ, ಡಿಎನ್‌ಎಸ್‌ಗೂ ದಾರಿ ಬಿಡಬೇಕಾಗುತ್ತದೆ. ಲ್ಯಾನ್‌ಗೆ ಮಾತ್ರ ಬೇಡ.

6. ಪರೀಕ್ಷೆ

ಮೊಬೈಲನ್ನು ಗೆಸ್ಟ್ ವೈ-ಫೈಗೆ ಜೋಡಿಸಿ. ತಾಣಗಳು ತೆರೆಯಬೇಕು, 192.168.10.1 ಮತ್ತು 192.168.20.1 ಎರಡರಲ್ಲೂ ರೂಟರ್ ಪುಟ ತೆರೆಯಬಾರದು. ಕಚೇರಿ ಕಂಪ್ಯೂಟರಿಗೆ ಪಿಂಗ್ ಹೋಗಲಿಲ್ಲವೆಂದು ಗೆದ್ದಂತಲ್ಲ. ವಿಂಡೋಸ್‌ನ ಸ್ವಂತ ಫೈರ್‌ವಾಲ್ ಕೂಡ ಬೇರೆ ಸರಣಿಯ ಪಿಂಗನ್ನು ತಡೆದಿರಬಹುದು. ಪ್ರಿಂಟರಿನ ವೆಬ್ ಪುಟ ಒಳ್ಳೆಯ ಒರೆಗಲ್ಲು: ಲ್ಯಾನ್‌ನಿಂದ ತೆರೆಯಬೇಕು, ಗೆಸ್ಟ್‌ನಿಂದ ತೆರೆಯಬಾರದು.

ಎಡವುವ ಜಾಗ

ನಿಮ್ಮ ರೂಟರ್ ಇಂಟರ್ನೆಟ್ ಕಂಪನಿಯ ಮೋಡೆಮ್‌ನ ಹಿಂದೆ ಇದ್ದರೆ, ಮೋಡೆಮ್‌ನ ವೈ-ಫೈಗೆ ಸೇರಿದ ಸಾಧನಗಳೆಲ್ಲ ಫೈರ್‌ವಾಲ್ ಲೆಕ್ಕದಲ್ಲಿ ವ್ಯಾನ್ ಕಡೆಯವು. ಗೆಸ್ಟ್‌ಗೆ ವ್ಯಾನ್ ತೆರೆದಿರುವುದರಿಂದ ಅತಿಥಿಗಳು ಅವುಗಳನ್ನೂ ಮೋಡೆಮ್‌ನ ಲಾಗಿನ್ ಪುಟವನ್ನೂ ಮುಟ್ಟಬಹುದು. ಮೋಡೆಮ್‌ನ ವೈ-ಫೈ ಬಂದ್ ಮಾಡಿ, ಗೆಸ್ಟ್‌ನಿಂದ ವ್ಯಾನ್‌ಗೆ ಹೋಗುವ ಸಂಚಾರದಲ್ಲಿ ಮೋಡೆಮ್‌ನ ಸರಣಿಗೆ (ಉದಾಹರಣೆಗೆ 192.168.1.0/24) ‘ರಿಜೆಕ್ಟ್’ ನಿಯಮ ಸೇರಿಸಿ.

ಮೊದಲು ಬರೆದ ಕಾಗದವನ್ನು ಎಸೆಯದೆ ಜೋಪಾನವಾಗಿಡಿ. ನಾಳೆ ಹಾಜರಿ ಯಂತ್ರವೋ ಸ್ಮಾರ್ಟ್ ಟಿವಿಯೋ ಬಂದಾಗ ಅದರ ಜೋನ್ ಯಾವುದೆಂದು ಈ ಕಾಗದದಲ್ಲಿ ಬರೆದ ಮೇಲೆಯೇ ಪಾಸ್‌ವರ್ಡ್ ಕೊಡಿ.