ಕ್ವಾಂಟಂ ಕಂಪ್ಯೂಟರ್: ಖರ್ಚಿಲ್ಲದೆ ಕೈಯಾರೆ ಮಾಡಿ ಕಲಿಯುವ ಮೊದಲ ಪಾಠ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಪಾಲಕರು ಈಚೆಗೆ ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: "ಸರ್, ಕ್ವಾಂಟಂ ಕಂಪ್ಯೂಟರ್ ಕೋರ್ಸ್ ಅಂತ ಮೊಬೈಲ್‌ನಾಗ ಬರ್ಲಾಕತ್ತದ. ಫೀಸ್ ತುಂಬಿ ಹಚ್ಚಬೇಕೇನ್ರಿ?" ನಮ್ಮ ಉತ್ತರ ಇಷ್ಟೇ: ಈಗ ಫೀಸು ತುಂಬಬೇಡಿ. ಮೊದಲ ಪಾಠಕ್ಕೆ ಬೇಕಾದ ಸಾಧನಗಳೆಲ್ಲ ಉಚಿತವಾಗಿವೆ. ದುಡ್ಡು ಮತ್ತು ಶ್ರಮ ಎರಡೂ ಹೋಗಬೇಕಾದದ್ದು ಗಣಿತದ ಕಡೆಗೆ. ಏಕೆಂಬುದನ್ನು ಪಾಠದ ಮೂಲಕವೇ ತೋರಿಸುತ್ತೇವೆ.

ಇದು ದೂರದ ದೇಶದ ಮಾತಲ್ಲ

ಕೇಂದ್ರ ಸರಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟರಿನ ಕೇಂದ್ರವಿರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನದೇ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ 'ಇಂಡಸ್' ಎಂಬ ಯಂತ್ರವನ್ನು ಪ್ರಕಟಿಸಿತು.

ಕ್ಯೂಬಿಟ್ ಎಂದರೇನು?

ಸಾಮಾನ್ಯ ಕಂಪ್ಯೂಟರಿನ ಅತಿ ಚಿಕ್ಕ ಘಟಕ ಬಿಟ್. ಅದು 0 ಆಗಿರುತ್ತದೆ, ಇಲ್ಲವೇ 1. ಕ್ಯೂಬಿಟ್‌ನಲ್ಲಿ 0ಗೂ ಒಂದು ಸಂಖ್ಯೆ ಇರುತ್ತದೆ, 1ಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ವರ್ಗವೇ ಅದು ಸಿಗುವ ಸಂಭವನೀಯತೆ. ಇಲ್ಲಿ ಒಂದು ವಿಶೇಷವಿದೆ. ಸಂಭವನೀಯತೆ ಎಂದೂ ಋಣವಾಗದು. ಆದರೆ ಈ ಸಂಖ್ಯೆ ಋಣವಾಗಬಹುದು. ಕ್ವಾಂಟಂ ಕಂಪ್ಯೂಟರಿನ ಶಕ್ತಿಯ ಬೇರು ಇಲ್ಲಿದೆ.

ಪ್ರಯೋಗ 1: ಒಂದು ನಾಣ್ಯ, ಒಂದು ಕ್ಯೂಬಿಟ್

'ಕ್ವರ್ಕ್' ಎಂಬ ಉಚಿತ ಸಾಧನವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆಯಿರಿ. ಇಡೀ ಸಾಧನ ಒಂದೇ ಫೈಲಿನಲ್ಲಿ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ, ನೆಟ್ ಸಿಗದ ಊರಿನಲ್ಲೂ ನಡೆಯುತ್ತದೆ. ತೆರೆಯ ಮೇಲೆ ಅಡ್ಡಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದು ಕ್ಯೂಬಿಟ್. 'ಎಚ್' ಎಂದು ಬರೆದ ಚೌಕವನ್ನು ಎಳೆದು ಮೊದಲ ಗೆರೆಯ ಮೇಲಿಡಿ. ಬಲಗಡೆ ಶೇ 50 ಎಂದು ತೋರಿಸುತ್ತದೆ. ನಾಣ್ಯ ಚಿಮ್ಮಿದಾಗ ಶಿರ ಅರ್ಧ, ಪುಚ್ಛ ಅರ್ಧ ಎಂದು ಹತ್ತನೇ ತರಗತಿಯಲ್ಲಿ ಓದಿದಂತೆಯೇ.

ಈಗ ಅದೇ ಗೆರೆಯ ಮೇಲೆ ಇನ್ನೊಂದು 'ಎಚ್' ಇಡಿ. ನಾಣ್ಯವನ್ನು ಎರಡನೇ ಸಲ ಚಿಮ್ಮಿದರೂ ಅರ್ಧ ಅರ್ಧವೇ ಉಳಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಕ್ಯೂಬಿಟ್ ಶೇ 100ರಷ್ಟು ಮರಳಿ 0 ಆಗುತ್ತದೆ!

ಮಕ್ಕಳು ಪಟ್ಟಿ ಪುಸ್ತಕ ತೆಗೆದು ಲೆಕ್ಕ ಮಾಡಿ ನೋಡಲಿ. 0ಯಿಂದ ಹೊರಟು ಮರಳಿ 0 ಮುಟ್ಟಲು ಎರಡು ದಾರಿಗಳಿವೆ. ಒಂದೊಂದಕ್ಕೂ ½ ಎಂಬ ಸಂಖ್ಯೆ, ಕೂಡಿಸಿದರೆ 1. ಹಾಗೆಯೇ 1ನ್ನು ಮುಟ್ಟಲೂ ಎರಡು ದಾರಿ. ಆದರೆ ಅವುಗಳಲ್ಲಿ ಒಂದು +½, ಇನ್ನೊಂದು −½, ಕೂಡಿಸಿದರೆ ಸೊನ್ನೆ. 'ಎಚ್' ಚೌಕ 1ರಿಂದ 1ಕ್ಕೆ ಹೋಗುವ ದಾರಿಗೆ ಋಣ ಚಿಹ್ನೆ ಹಾಕುವುದರಿಂದ ಹೀಗಾಗುತ್ತದೆ. ಬೇಡದ ಉತ್ತರಗಳು ಒಂದನ್ನೊಂದು ಕಳೆದುಕೊಳ್ಳುವಂತೆ, ಬೇಕಾದ ಉತ್ತರ ಬಲವಾಗುವಂತೆ ದಾರಿಗಳನ್ನು ಜೋಡಿಸುವುದೇ ಕ್ವಾಂಟಂ ಪ್ರೋಗ್ರಾಮಿಂಗ್. 'ಎಲ್ಲ ಉತ್ತರಗಳನ್ನೂ ಒಮ್ಮೆಲೇ ಹುಡುಕುವ ಯಂತ್ರ' ಎಂಬ ಜಾಹೀರಾತಿನ ಮಾತು ಅರ್ಧ ಸತ್ಯ. ಕೊನೆಗೆ ನೋಡಿದಾಗ ಸಿಗುವುದು ಒಂದೇ ಉತ್ತರ.

ಪ್ರಯೋಗ 2: ಜೋಡಿ ಕ್ಯೂಬಿಟ್

ಮೊದಲ ಗೆರೆಯಲ್ಲಿ ಒಂದು 'ಎಚ್' ಮಾತ್ರ ಉಳಿಸಿ. ಅದರ ಮುಂದೆ ಮೊದಲ ಗೆರೆಯಲ್ಲಿ ಕಪ್ಪು ಚುಕ್ಕೆ, ಅದರ ನೇರ ಕೆಳಗೆ ಎರಡನೇ ಗೆರೆಯಲ್ಲಿ ಕೂಡಿಸುವ ಚಿಹ್ನೆ ಇರುವ ವೃತ್ತವನ್ನು ಇಡಿ. ಮೇಲಿನದು 1 ಆಗಿದ್ದರೆ ಕೆಳಗಿನದನ್ನು ತಿರುಗಿಸು ಎಂಬುದು ಇದರ ಅರ್ಥ. ಈಗ 00 ಅಥವಾ 11 ಮಾತ್ರ ಬರುತ್ತದೆ. 01 ಬರುವುದಿಲ್ಲ, 10 ಬರುವುದಿಲ್ಲ.

ಪ್ರಯೋಗ 3: ನಿಜವಾದ ಯಂತ್ರದ ಮೇಲೆ

ಐಬಿಎಂ ಕಂಪನಿ 2016ರ ಮೇ ತಿಂಗಳಲ್ಲಿ ತನ್ನ 5 ಕ್ಯೂಬಿಟ್ ಯಂತ್ರವನ್ನು ಇಂಟರ್‌ನೆಟ್ ಮೂಲಕ ಎಲ್ಲರಿಗೂ ತೆರೆಯಿತು. ಈಗಿನ ಅದರ ಉಚಿತ ಖಾತೆಯಲ್ಲಿ 28 ದಿನಕ್ಕೆ 10 ನಿಮಿಷ ದೊಡ್ಡ ಯಂತ್ರದ ಸಮಯ ಸಿಗುತ್ತದೆ. ಪೈಥಾನ್ ಭಾಷೆ ಬಂದರೆ 'ಕಿಸ್ಕಿಟ್' ಎಂಬ ಉಚಿತ ಸಾಧನದಲ್ಲಿ ಎರಡನೇ ಪ್ರಯೋಗವನ್ನೇ ಕೆಲವು ಸಾಲುಗಳಲ್ಲಿ ಬರೆದು ಕಳಿಸಬಹುದು. ಸಾವಿರ ಸಲ ನಡೆಸಿದರೆ 00 ಮತ್ತು 11 ಸುಮಾರು ಅರ್ಧರ್ಧ ಬರುತ್ತವೆ. ನಡುವೆ ಅಷ್ಟಿಷ್ಟು 01, 10 ಕೂಡ ನುಸುಳುತ್ತವೆ. ಅದು ಪ್ರೋಗ್ರಾಮಿನ ತಪ್ಪಲ್ಲ. ಕ್ಯೂಬಿಟ್ ಅತಿ ಸೂಕ್ಷ್ಮ. ಇಂಥ ಯಂತ್ರವನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟರೂ ತಪ್ಪುಗಳು ಪೂರ್ತಿ ಹೋಗುವುದಿಲ್ಲ. ಆ ತಪ್ಪು ತಿದ್ದುವ ಕೆಲಸವೇ ಇಂದಿನ ದೊಡ್ಡ ಸಂಶೋಧನೆ.

ನಮ್ಮ ದೇಶದ್ದೇ 'ಕ್ಯೂಸಿಮ್' ಎಂಬ ಸಾಧನವೂ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ, ರೂರ್ಕಿ ಐಐಟಿ ಮತ್ತು ಸಿ-ಡ್ಯಾಕ್ ಸೇರಿ ಮಾಡಿದ್ದು, 2021ರಲ್ಲಿ ಬಿಡುಗಡೆಯಾಯಿತು.

ಗಣಿತ ಎಲ್ಲಿಂದ ಬರಬೇಕು?

ಮೇಲಿನ ಪಾಠಕ್ಕೆ ಬೇಕಾದ ಸಂಭವನೀಯತೆ ಹತ್ತನೇ ತರಗತಿಯಲ್ಲಿದೆ. ಮುಂದಿನ ಪಾಠಕ್ಕೆ ಬೇಕಾದ ಸಂಕೀರ್ಣ ಸಂಖ್ಯೆ ಪ್ರಥಮ ಪಿಯುಸಿಯಲ್ಲಿ, ಮ್ಯಾಟ್ರಿಕ್ಸ್ ದ್ವಿತೀಯ ಪಿಯುಸಿಯಲ್ಲಿ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಅದರಲ್ಲಿ ಹೇಳಿದ್ದಾರೆ. ಮುಂದೆ ಗಣಿತಜ್ಞರು ಅದಕ್ಕೂ ಜಾಗ ಮಾಡಿಕೊಟ್ಟರು. ಸಂಕೀರ್ಣ ಸಂಖ್ಯೆ ಹುಟ್ಟಿದ್ದು ಹಾಗೆ. ಅದೇ ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಅವರ ಹೆಸರಿನಿಂದಲೇ 'ಅಲ್ಗಾರಿದಮ್' ಎಂಬ ಮಾತು ಬಂದಿದೆ.

ಇಂಥ ನೆಲದ ಮಕ್ಕಳ ಇಂದಿನ ಸ್ಥಿತಿಯನ್ನೂ ಮುಚ್ಚಿಡಬಾರದು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲೇ ಕೊನೆಯ ಸ್ಥಾನ. ಹೀಗಿರುವಾಗ ಕ್ವಾಂಟಂ ಮಾತೇಕೆ ಎಂದು ದಾನಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗಣಿತ ಕಷ್ಟವೆಂದು ಹತ್ತರ ನಂತರ ಬಿಟ್ಟುಬಿಡುವ ಮಗುವಿಗೆ ಈ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಆ ಬಾಗಿಲಿನಾಚೆ ಏನಿದೆ ಎಂದು ಒಮ್ಮೆ ಕೈಯಾರೆ ನೋಡಿದ ಮಗು ಬಿಡುವ ಮುನ್ನ ಎರಡು ಸಲ ಯೋಚಿಸುತ್ತದೆ. ಇದೇ ನಮ್ಮ ಉತ್ತರ.

ಪಾಲಕರಿಗೆ ಮತ್ತು ದಾನಿಗಳಿಗೆ

ಕೆಲವು ತಿಂಗಳ ಸರ್ಟಿಫಿಕೇಟಿನಿಂದ ಈ ಕ್ಷೇತ್ರದಲ್ಲಿ ನೌಕರಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸರಿಯಾದ ದಾರಿ ಉದ್ದವಾಗಿದೆ: ಪಿಯುಸಿ ವಿಜ್ಞಾನ, ನಂತರ ಬಿಎಸ್ಸಿ ಅಥವಾ ಎಂಜಿನಿಯರಿಂಗ್, ಆಮೇಲೆ ಉನ್ನತ ವ್ಯಾಸಂಗ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕ್ವಾಂಟಂ ತಂತ್ರಜ್ಞಾನದ ಎಂ.ಟೆಕ್ ಇದೆ. ಹೆಣ್ಣುಮಕ್ಕಳನ್ನು ಹತ್ತಕ್ಕೇ ನಿಲ್ಲಿಸಬೇಡಿ. ಪಿಯುಸಿ ಕಾಲೇಜು ದೂರವೆಂದರೆ ಬಸ್ ಪಾಸಿನ ವಿಷಯ ನಮ್ಮೊಡನೆ ಮಾತಾಡಿ.

ದಾನಿಗಳಲ್ಲಿ ನಮ್ಮ ಕೋರಿಕೆ: ದುಬಾರಿ ಕೋರ್ಸಿನ ಫೀಸಿಗೆ ಬದಲಾಗಿ, ಹತ್ತನೇ ಹಾಗೂ ಪಿಯುಸಿ ಮಕ್ಕಳ ಗಣಿತ ಟ್ಯೂಷನ್‌ಗೆ ಮತ್ತು ಮಕ್ಕಳು ಸರದಿಯಲ್ಲಿ ಕೂಡುವ ಹಳೆಯದಾದರೂ ಸರಿ, ನಡೆಯುವ ಕಂಪ್ಯೂಟರುಗಳಿಗೆ ನೆರವಾಗಿ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಿಜ್ಞಾನದ ಮಕ್ಕಳು ಮೊದಲ ಪ್ರಯೋಗವನ್ನು ಮಾಡಿ, ನಾಲ್ಕು ದಾರಿಗಳ ಲೆಕ್ಕವನ್ನು ಸ್ವಂತ ಕೈಬರಹದಲ್ಲಿ ಒಂದು ಹಾಳೆಯ ಮೇಲೆ ಬರೆದು ಅರ್ಜಿಗೆ ಲಗತ್ತಿಸಬಹುದು. ಕಡ್ಡಾಯವಿಲ್ಲ, ಅಂಕವೂ ಇಲ್ಲ. ಬಂದ ಪ್ರತಿ ಹಾಳೆಯನ್ನೂ ನಾವು ಓದುತ್ತೇವೆ, ತಿದ್ದಿ ಮರಳಿಸುತ್ತೇವೆ.