ತಂತಿಯಿಂದ ಅಲೆ ಹಿಂದಿರುಗಿದರೆ?

ಮಕ್ಕಳೇ, ಮಹಡಿಯ ಮೇಲೆ ಒಂದು ಕಂಬ, ಅದರ ತುದಿಯಿಂದ ಎರಡೂ ಕಡೆಗೆ ಇಳಿಬಿಟ್ಟ ತಂತಿ ಇರುವ ಮನೆಯನ್ನು ಎಲ್ಲಾದರೂ ಕಂಡಿದ್ದೀರಾ? ಅದು ಬಟ್ಟೆ ಒಣಹಾಕುವ ತಂತಿಯಲ್ಲ. ಹವ್ಯಾಸಿ ರೇಡಿಯೊ ನಡೆಸುವ ‘ಹ್ಯಾಮ್’ ಒಬ್ಬರ ಆಂಟೆನಾ ಇರಬಹುದು. ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ಮಾತ್ರ ಹೀಗೆ ಮಾತನಾಡಬಹುದು. 2004ರ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನ್‌ನಲ್ಲಿ ದೂರವಾಣಿ ಕೆಟ್ಟಾಗ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಅಂತಹ ಹೊತ್ತಿನಲ್ಲಿ ರೇಡಿಯೊದ ಶಕ್ತಿ ಪೋಲಾಗಬಾರದು.

ಒಂದು ಪ್ರಯೋಗ ಮಾಡಿ. ತೆಳು ಹುರಿಯ ತುದಿಗೆ ದಪ್ಪ ಹಗ್ಗ ಕಟ್ಟಿ. ಹಗ್ಗದ ತುದಿಯನ್ನು ಗೆಳೆಯ ಹಿಡಿಯಲಿ. ನೀವು ಹುರಿಯನ್ನು ಒಮ್ಮೆ ಝಾಡಿಸಿ. ಏಳುವ ಅಲೆ ಗಂಟಿನವರೆಗೆ ಓಡುತ್ತದೆ. ಅಲ್ಲಿ ಸ್ವಲ್ಪ ಮುಂದೆ ಹೋಗುತ್ತದೆ, ಉಳಿದದ್ದು ನಿಮ್ಮ ಕೈಗೇ ಮರಳುತ್ತದೆ. ಎರಡೂ ಒಂದೇ ಬಗೆಯ ಹುರಿಯಾದರೆ ಅಲೆ ಗಂಟು ದಾಟಿ ಹೋಗುತ್ತದೆ.

ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್‌ನಲ್ಲೂ ಹೀಗೆಯೇ. ಹಗ್ಗದ ದಪ್ಪದ ಬದಲು ಇಲ್ಲಿ ‘ಇಂಪೀಡೆನ್ಸ್’ ಎಂಬ ಗುಣವಿದೆ. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಹ್ಯಾಮ್‌ಗಳ ಕೇಬಲ್ ಸಾಮಾನ್ಯವಾಗಿ 50 ಓಮ್, ಟಿ.ವಿ. ಕೇಬಲ್ 75 ಓಮ್. 50 ಓಮ್ ಕೇಬಲ್‌ಗೆ 75 ಓಮ್ ಆಂಟೆನಾ ಜೋಡಿಸಿದರೆ ಶಕ್ತಿಯ 100 ಪಾಲಿನಲ್ಲಿ 4 ಪಾಲು ಮಾತ್ರ ಹಿಂದಿರುಗುತ್ತದೆ. ಅದು ದೊಡ್ಡದೇನಲ್ಲ. 300 ಓಮ್ ಆಂಟೆನಾ ಜೋಡಿಸಿದರೋ, ಸುಮಾರು 51 ಪಾಲು ವಾಪಸು! ರೇಡಿಯೊ ಬಿಸಿಯಾಗಿ ಕೆಡಲೂಬಹುದು.

ನೇರವಾಗಿ, ಎತ್ತರದಲ್ಲಿ ಎಳೆದು ಕಟ್ಟಿ ನಡುವೆ ಕೇಬಲ್ ಜೋಡಿಸಿದ ತಂತಿಯ ಇಂಪೀಡೆನ್ಸ್ ಸುಮಾರು 73 ಓಮ್. ನಡುಭಾಗವನ್ನು ಕಂಬಕ್ಕೇರಿಸಿ ತುದಿಗಳನ್ನು ಇಳಿಬಿಟ್ಟರೆ ಅದು 50ರ ಹತ್ತಿರಕ್ಕೆ ಬರುತ್ತದೆ. ಮಹಡಿಯ ತಂತಿ ಇಳಿಬಿದ್ದಿರುವುದು ಸೋಮಾರಿತನದಿಂದಲ್ಲ!

ತಂತಿಯ ಉದ್ದವೂ ಸರಿಯಿರಬೇಕು. 7 ಮೆಗಾಹರ್ಟ್ಸ್‌ನ ಅಲೆಗೆ ಸುಮಾರು 20 ಮೀಟರ್ ತಂತಿ ಬೇಕು. ಆದರೆ ವಿಜಯನಗರ, ಬಸವೇಶ್ವರನಗರಗಳಲ್ಲಿ ಕಾಣುವ 30×40 ಅಡಿ ನಿವೇಶನದ ಕರ್ಣ 50 ಅಡಿ, ಅಂದರೆ ಸುಮಾರು 15 ಮೀಟರ್ ಮಾತ್ರ. ಹಾಗಾಗಿ ತುದಿಗಳನ್ನು ಗೋಡೆಯ ಪಕ್ಕಕ್ಕೆ ಕೆಳಗೆ ಮಡಿಸುತ್ತಾರೆ. ಇಲ್ಲವೇ ತಂತಿಸುರುಳಿ ಮತ್ತು ಕೆಪಾಸಿಟರ್‌ಗಳಿರುವ ‘ಟ್ಯೂನರ್’ ಪೆಟ್ಟಿಗೆಯನ್ನು ನಡುವೆ ಇಡುತ್ತಾರೆ. ಅದರ ಗುಂಡಿ ತಿರುಗಿಸಿದರೆ ರೇಡಿಯೊಗೆ 50 ಓಮ್ ಇದ್ದಂತೆಯೇ ಆಗುತ್ತದೆ. ಗಿಡ್ಡ ತಂತಿಯನ್ನು ಉದ್ದ ಮಾಡಲು ಮಾತ್ರ ಅದರಿಂದಾಗದು.

ನಿಮ್ಮ ಶಾಲೆಯ ಅಂಗಳದ ಉದ್ದ, ಅಗಲ ಅಳೆಯಿರಿ. 20 ಮೀಟರ್ ತಂತಿ ಮಡಿಸದೆ ಹಿಡಿಸುತ್ತದೆಯೇ, ಲೆಕ್ಕ ಹಾಕಿ.