ಚುಟ್ಟಿಯಿಲ್ಲದ ರಕ್ಕಸ

ಮಗೂ, ಊಟದ ಹೊತ್ತಿಗೂ ನೀನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊಲೆ ಕಥೆ ಕೇಳುತ್ತೀ ಅಂತ ನಿನ್ನಮ್ಮ ದೂರು ಹೇಳಿದಳು, ನಾನು ಬೈಯಲಿ ಎಂದೇ. ಯಾವ ಬಾಯಲ್ಲಿ ಬೈಯಲಿ? ಚಿಕ್ಕಂದಿನಲ್ಲಿ ಯಕ್ಷಗಾನದ ಆಟಕ್ಕೆ ಹೋದರೆ ದೇವರ ವೇಷ ಬಂದಾಗ ನಾವು ಚಾಪೆಯಲ್ಲಿ ಗೊರಕೆ ಹೊಡೆಯುತ್ತಿದ್ದೆವು. ರಕ್ಕಸನ ಬಣ್ಣದ ವೇಷಕ್ಕೆ ಯಾರೂ ಎಬ್ಬಿಸದಿದ್ದರೆ ಮರುದಿನವಿಡೀ ಮುನಿಸು. ಗಂಟೆಗಟ್ಟಲೆ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು, ಮುಖಕ್ಕೆ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟುಕೊಂಡ ರಕ್ಕಸ ಸಭೆಯ ಹಿಂದಿನಿಂದ ಸೂಟೆಯ ಬೆಳಕಿನಲ್ಲಿ ಅಬ್ಬರಿಸುತ್ತ ಬರುವಾಗ, ಅಮ್ಮನ ಸೆರಗಿನೊಳಗಿಂದ ಇಣುಕುವ ಆ ಭಯ ಎಷ್ಟು ಹಿತವಾಗಿತ್ತು! ಕೇಡನ್ನು ಕಣ್ತುಂಬ ನೋಡುವ ಆಸೆ ನಿನಗೊಬ್ಬಳಿಗೇ ಬಂದದ್ದಲ್ಲ.

ಆದರೆ ನೀನು ಕೇಳುವ ಕಥೆಗಳ ರಕ್ಕಸರಿಗೆ ಚುಟ್ಟಿ ಇರುವುದಿಲ್ಲ. ಸೈನೈಡ್ ಮೋಹನನನ್ನೇ ನೋಡು. ನಮ್ಮ ದಕ್ಷಿಣ ಕನ್ನಡದವ, ಶಾಲೆಯಲ್ಲಿ ಮೇಷ್ಟ್ರಾಗಿದ್ದವ. ಮದುವೆಯಾಗುತ್ತೇನೆಂದು ನಂಬಿಸಿ ಬೇರೆ ಊರಿಗೆ ಕರೆದೊಯ್ದು, ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಗರ್ಭ ತಡೆಯುವ ಮಾತ್ರೆ ಎಂದು ವಿಷ ಕೊಡುತ್ತಿದ್ದ. ಒಡವೆ ಅವನ ಪಾಲು, ಹೆಣ ಶೌಚಾಲಯದಲ್ಲಿ. 2003ರಿಂದ 2009ರೊಳಗೆ 20 ಹೆಂಗಸರನ್ನು ಕೊಂದ ಆರೋಪ. 2013ರಲ್ಲಿ ಮಂಗಳೂರಿನ ಕೋರ್ಟು ಮೊದಲ ಬಾರಿಗೆ ಅಪರಾಧಿ ಎಂದಿತು. 2023ರ ಹಿಂದಿ ಸರಣಿ 'ದಹಾಡ್'ನಲ್ಲಿ ಇದೇ ಕಥೆಯ ನೆರಳು ರಾಜಸ್ಥಾನಕ್ಕೆ ಹೋಗಿ ಕೂತಿದೆ.

ಅವನ ಅಡ್ಡಹೆಸರು ಎಲ್ಲರ ಬಾಯಲ್ಲೂ ಇದೆ. ಸತ್ತವರಲ್ಲಿ ಒಬ್ಬಳ ಹೆಸರಾದರೂ ನಿನಗೆ ಗೊತ್ತೇ?

ಕೇಳಬೇಡ ಎನ್ನುವುದಿಲ್ಲ. ಆದರೆ ಅವನ ತಲೆಯೊಳಗೆ ಏನಿತ್ತು ಎಂದು ಕೆದಕುತ್ತ ಕೂರುವುದರಲ್ಲಿ ಹೆಚ್ಚೇನೂ ಸಿಗದು (ಒಡವೆಯ ಆಸೆ, ಅಷ್ಟೇ ಇದ್ದಿರಲೂಬಹುದು). ಅಷ್ಟು ವರ್ಷ ಅವನು ಹೇಗೆ ಸಿಕ್ಕಿಬೀಳಲಿಲ್ಲ ಎಂದು ಕೇಳು. ಆ ಹುಡುಗಿಯರು ಹೆಚ್ಚಾಗಿ ಬಡವರ ಮನೆಯವರು, ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ತಡವಾದವರು. ಕಾಣೆಯಾದಾಗ ಯಾರೊಟ್ಟಿಗೋ ಓಡಿಹೋದಳೆಂದು ಹಲವು ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡರು. ದೂರದ ಊರಿನಲ್ಲಿ ಸಿಕ್ಕ ಹೆಣ ಅಲ್ಲಿಯ ಠಾಣೆಗೆ ಗುರುತು ಸಿಗದ ಅಸಹಜ ಸಾವು, ಬಹುಶಃ ಆತ್ಮಹತ್ಯೆ. ಒಂದು ಠಾಣೆಯ ಕಡತ ಇನ್ನೊಂದರ ಜೊತೆ ಮಾತಾಡಲಿಲ್ಲ. ಇದರಲ್ಲಿ ರೋಮಾಂಚನವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಆದರೂ ಅವನಿಗೆ ದಾರಿ ಮಾಡಿಕೊಟ್ಟದ್ದು ಇದೇ.

ಹಾಗಾಗಿ ನಿನ್ನಲ್ಲಿ ಒಂದೇ ಬೇಡಿಕೆ. ನಿನ್ನ ಹಾಸ್ಟೆಲಿನಲ್ಲೋ ಆಫೀಸಿನಲ್ಲೋ ಒಬ್ಬಳು ಎರಡು ದಿನ ಕಾಣದಿದ್ದಾಗ, ಯಾರ ಜೊತೆಗೋ ಹೋಗಿರಬೇಕು ಎಂದು ಯಾರಾದರೂ ನಕ್ಕರೆ ನೀನು ಜೊತೆಗೂಡಿ ನಗಬೇಡ. ಅವಳ ಮನೆಗೆ ಫೋನು ಮಾಡು. ಅವರು ಠಾಣೆಗೆ ಹೋಗಲು ಹಿಂಜರಿದರೆ ಜೊತೆಗೆ ಹೋಗು, ದಾಖಲಾದ ದೂರಿನ ಪ್ರತಿ ಕೇಳಿ ತೆಗೆದುಕೋ.